ಏಪ್ರಿಲ್ ತಿಂಗಳ ರನ್ ನೋಡಿ ಬೇಸ್‌ಬಾಲ್ ಸೀಸನ್ ಹೇಗಿರುತ್ತೆ ಅಂತ ಹೇಳಬಹುದಾ?

ಚಿಕಾಗೋ_ಅಪ್ಪ:

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕಡೆಯವನು. ಚಿಕಾಗೋಗೆ ಬಂದು 9 ವರ್ಷವಾಯಿತು. ಮೊದಲ ಆರೇಳು ವರ್ಷ ಬೇಸ್‌ಬಾಲ್ ಕಡೆ ತಿರುಗಿಯೂ ನೋಡಿರಲಿಲ್ಲ. ಮಗಳು ಶಾಲೆಯಲ್ಲಿ ಸಾಫ್ಟ್‌ಬಾಲ್ ಆಡಲು ಶುರು ಮಾಡಿದ ಮೇಲೆ ಮನೆಯಲ್ಲಿ ಬೇರೆ ಮಾತೇ ಇಲ್ಲ. ಅವಳಿಗೆ ಈಗ 11 ವರ್ಷ. ಮ್ಯಾಚ್ ನೋಡುವಾಗ ಕೈಯಲ್ಲಿ ಒಂದು ಸ್ಕೋರ್ ಪುಸ್ತಕ ಇರಲೇಬೇಕು. ಪ್ರತಿ ಬ್ಯಾಟರ್ ಏನು ಮಾಡಿದ ಅಂತ ಒಂದೊಂದು ಚೌಕದಲ್ಲಿ ಬರೆಯುತ್ತಾಳೆ.

ಕಳೆದ ವರ್ಷ, ಅಂದರೆ 2025ರ ಏಪ್ರಿಲ್ 18, ಗುಡ್ ಫ್ರೈಡೇ. ಶಾಲೆಗೆ ರಜೆ ಇತ್ತು. ಇಬ್ಬರೂ ರಿಗ್ಲಿ ಫೀಲ್ಡ್‌ಗೆ ಹೋದೆವು. ನಮ್ಮೂರ ಟೀಮು ಕಬ್ಸ್ ಎದುರು ಅರಿಜೋನಾ ಡೈಮಂಡ್‌ಬ್ಯಾಕ್ಸ್. ಒಂಬತ್ತರಲ್ಲಿ ಏಳು ಇನ್ನಿಂಗ್ಸ್ ಮುಗಿದಾಗ ಕಬ್ಸ್ 7-1ರಿಂದ ಮುಂದಿತ್ತು. ಮಗಳಿಗೆ ಜಾಕೆಟ್ ಹಾಕಿಸಿ, ಇನ್ನೇನು ಹೊರಡೋಣ ಅಂದುಕೊಂಡಿದ್ದೆ. 8ನೇ ಇನ್ನಿಂಗ್ಸ್‌ನಲ್ಲಿ ಅರಿಜೋನಾ 10 ರನ್ ಹೊಡೆಯಿತು. 11-7. ಸುತ್ತ ಕೂತವರೆಲ್ಲ ತಲೆ ಮೇಲೆ ಕೈ ಹೊತ್ತರು. ಅದೇ ಇನ್ನಿಂಗ್ಸ್‌ನ ಕೆಳಗಿನ ಅರ್ಧದಲ್ಲಿ, ಅಂದರೆ ತನ್ನ ಬ್ಯಾಟಿಂಗ್ ಸರದಿಯಲ್ಲಿ, ಕಬ್ಸ್ 6 ಹೊಡೆಯಿತು. ಕಾರ್ಸನ್ ಕೆಲಿ ಮೂರು ರನ್‌ನ ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಥರ ಚೆಂಡು ಗೋಡೆ ದಾಟುವ ಹೊಡೆತ, ಬೇಸ್ ಮೇಲೆ ನಿಂತವರಿಗೂ ರನ್), ಆಮೇಲೆ ಕೈಲ್ ಟಕರ್ ಎರಡು ರನ್‌ನದು, ಅವನ ಹಿಂದೆಯೇ ಸೇಯಾ ಸುಜುಕಿ ಒಂದು. 13-11, ಕಬ್ಸ್ ಗೆದ್ದಿತು. ಒಂದೇ ಇನ್ನಿಂಗ್ಸ್‌ನಲ್ಲಿ 16 ರನ್! ಮಗಳ ಪುಸ್ತಕದಲ್ಲಿ 8ನೇ ಇನ್ನಿಂಗ್ಸ್‌ನ ಚೌಕ ಸಾಲದೆ 9ನೆಯದಕ್ಕೂ ನುಗ್ಗಿಸಿ ಬರೆದಿದ್ದಾಳೆ. ಆ ಹಾಳೆಯನ್ನು ಕತ್ತರಿಸಿ ಫ್ರಿಜ್ ಮೇಲೆ ಅಂಟಿಸಿದ್ದೇವೆ.

ವಾಪಸು ಬರುವಾಗ ರೈಲಿನಲ್ಲಿ ಅವಳು ಕೇಳಿದಳು. "ಅಪ್ಪಾ, ಈ ವರ್ಷ ಎಲ್ಲರೂ ಹೀಗೇ ಹೊಡೀತಾರಾ?" ನನ್ನ ಬಳಿ ಉತ್ತರ ಇರಲಿಲ್ಲ. ಆಫೀಸಿನಲ್ಲಿ ಕೇಳಿದರೆ ಒಬ್ಬರು, ಏಪ್ರಿಲ್‌ನಲ್ಲಿ ಚಳಿ, ರನ್ ಕಡಿಮೆ ಬರುತ್ತೆ ಅಂದರು. ನಾನು ಕಣ್ಣಾರೆ ನೋಡಿದ್ದು 24 ರನ್! ಇನ್ನೊಬ್ಬರು ಏಪ್ರಿಲ್ ಲೆಕ್ಕಕ್ಕೇ ಬರಲ್ಲ ಅಂದರು. ಆದರೆ ಟಿವಿಯಲ್ಲಿ ಮೊದಲ ವಾರದಿಂದಲೇ "ಟ್ರೆಂಡ್" ಅಂತ ಗಂಟೆಗಟ್ಟಲೆ ಮಾತಾಡುತ್ತಾರೆ. ಯಾವುದು ಸರಿ?

ಮಾರ್ಚ್ ಕೊನೆಗೆ 2026ರ ಸೀಸನ್ ಶುರು. ಈ ಸಲ ಮೊದಲ ದಿನದಿಂದಲೇ ಲೆಕ್ಕ ಬರೆದಿಡಬೇಕು ಅಂತ ಅವಳ ಹಠ. ಹೊಸ ನೋಟ್‌ಬುಕ್ ಕೂಡ ಕೊಡಿಸಿದ್ದೇನೆ. ಏನು ಬರೆಯಬೇಕು, ಅದರಿಂದ ಏನು ತಿಳಿಯುತ್ತೆ ಅಂತ ಗೊತ್ತಿದ್ದವರು ದಯವಿಟ್ಟು ಹೇಳಿ.

ಬೆಳಗಿನ_ಜಾವ:

ಸರ್, ನಾನು ಮೈಸೂರಿನಿಂದ. ಅಲ್ಲಿ ನ್ಯೂಯಾರ್ಕ್‌ನಲ್ಲಿ ರಾತ್ರಿ 7:05ಕ್ಕೆ ಮ್ಯಾಚ್ ಶುರುವಾದರೆ ಇಲ್ಲಿ ನನಗೆ ಬೆಳಗಿನ ಜಾವ 4:35. ಹಾಲಿನವನು ಬರುವ ಹೊತ್ತಿಗೆ ಐದನೇ ಇನ್ನಿಂಗ್ಸ್. ಹತ್ತು ವರ್ಷದಿಂದ ಹೀಗೇ ನೋಡುತ್ತಿದ್ದೇನೆ.

ನನ್ನ ಕೇಳಿದರೆ ಏಪ್ರಿಲ್ ಅಂಕಿ ಯಾವುದನ್ನೂ ನಂಬಬೇಡಿ. ಎರಡು ಉದಾಹರಣೆ ಕೊಡುತ್ತೇನೆ. 1994ರ ಮೊದಲ ದಿನ ನಿಮ್ಮ ಕಬ್ಸ್‌ನ ಟಫಿ ರೋಡ್ಸ್ ಮೂರು ಹೋಮ್ ರನ್ ಹೊಡೆದ. ಅದೂ ಡ್ವೈಟ್ ಗುಡನ್ ಥರದ ಹೆಸರಾಂತ ಪಿಚ್ಚರ್ (ಚೆಂಡು ಎಸೆಯುವವನು) ಎದುರು. ಆ ವರ್ಷ ಒಟ್ಟು ಎಷ್ಟು ಹೊಡೆದ ಗೊತ್ತಾ? 8. ಎರಡನೆಯದು 2006. ಡೆಟ್ರಾಯಿಟ್ ಟೈಗರ್ಸ್‌ನ ಕ್ರಿಸ್ ಶೆಲ್ಟನ್ ಮೊದಲ 13 ಮ್ಯಾಚ್‌ನಲ್ಲೇ 9 ಹೋಮ್ ರನ್ ಹೊಡೆದ. ಎಲ್ಲರೂ ದಾಖಲೆಯ ಮಾತಾಡಿದರು. ವರ್ಷ ಮುಗಿದಾಗ ಅವನ ಲೆಕ್ಕ 16. ನಡುವೆ ಅವನನ್ನು ಕೆಳಗಿನ ಲೀಗ್‌ಗೆ ಕಳಿಸಿಬಿಟ್ಟಿದ್ದರು.

162 ಮ್ಯಾಚ್‌ನ ಸೀಸನ್ ಇದು. ಜೂನ್ ತನಕ ಸುಮ್ನೆ ನೋಡಿ, ಖುಷಿಪಡಿ. ಲೆಕ್ಕ ಆಮೇಲೆ ಇಡಬಹುದು.

ಹಳೇ_ಪೆನ್ಸಿಲ್:

ಮೈಸೂರಿನವರ ಮಾತನ್ನು ಅರ್ಧ ಒಪ್ಪುತ್ತೇನೆ. ಇನ್ನರ್ಧಕ್ಕೆ ನನ್ನ ತಕರಾರಿದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಒಂದು ಮಗು ಪುಸ್ತಕ ಹಿಡಿದು ಲೆಕ್ಕ ಬರೆಯುತ್ತೆ ಅಂದರೆ ಅದಕ್ಕೆ ಸರಿಯಾದ ಉತ್ತರವೇ ಸಿಗಬೇಕು.

ನಾನು ತೀರ್ಥಹಳ್ಳಿಯವನು. 1997ರಿಂದ ಮಿನಿಯಾಪೊಲಿಸ್‌ನಲ್ಲಿದ್ದೇನೆ. ಆಗ ಇಲ್ಲಿನ ಟ್ವಿನ್ಸ್ ಟೀಮು ಮೆಟ್ರೋಡೋಮ್‌ನಲ್ಲಿ ಆಡುತ್ತಿತ್ತು. ಬಿಳಿ ಬಟ್ಟೆಯಂಥ ಚಾವಣಿ, ಒಳಗೆ ಗಾಳಿ ತುಂಬಿ ಅದನ್ನು ಎತ್ತಿ ನಿಲ್ಲಿಸಿದ್ದರು. ಏಪ್ರಿಲ್‌ನಲ್ಲಿ ಹೊರಗೆ ಹಿಮ ಬಿದ್ದಿರುತ್ತಿತ್ತು. ಒಳಗೆ ನಾವು ಅಂಗಿ ತೋಳು ಮಡಚಿ ಕೂತು ಮ್ಯಾಚ್ ನೋಡುತ್ತಿದ್ದೆವು. 2010ರಲ್ಲಿ ಟಾರ್ಗೆಟ್ ಫೀಲ್ಡ್ ಬಂತು. ಅದಕ್ಕೆ ಚಾವಣಿಯೇ ಇಲ್ಲ. ಅದೇ ಊರು, ಅದೇ ಟೀಮು, ಅದೇ ಏಪ್ರಿಲ್. ಆದರೆ ಆಟ ಬೇರೆಯಾಯಿತು. ಬ್ಯಾಟ್‌ನಿಂದ ಬಂದ ಸದ್ದು ಕೇಳಿ "ಹೋಯ್ತು!" ಅಂತ ಎದ್ದು ನಿಲ್ಲುತ್ತಿದ್ದೆ. ಚೆಂಡು ಗೋಡೆಗೆ ಹತ್ತು ಹೆಜ್ಜೆ ಮುಂಚೆಯೇ ಸುಸ್ತಾಗಿ ಫೀಲ್ಡರ್ ಕೈಗೆ ಬೀಳುತ್ತಿತ್ತು. ಗ್ಲೌಸ್ ಹಾಕಿಕೊಂಡು ಪೆನ್ಸಿಲ್ ಹಿಡಿಯುವುದನ್ನು ನಾನು ಕಲಿತದ್ದೂ ಆಗಲೇ.

ಹಾಗಾಗಿ ಚಳಿ ಅನ್ನುವುದು ಕಟ್ಟುಕತೆ ಅಲ್ಲ. ಅದಕ್ಕೆ ಲೆಕ್ಕವೇ ಇದೆ. ತಣ್ಣಗಿನ ಗಾಳಿ ದಟ್ಟವಾಗಿರುತ್ತೆ, ಚೆಂಡನ್ನು ಜಾಸ್ತಿ ತಡೆಯುತ್ತೆ. ಬೇಸ್‌ಬಾಲ್‌ನ ಭೌತಶಾಸ್ತ್ರ ಓದಿದವರು ಹೇಳುವ ಪ್ರಕಾರ, 400 ಅಡಿ ಹೋಗುವ ಹೊಡೆತಕ್ಕೆ ಪ್ರತಿ 10 ಡಿಗ್ರಿ ಫ್ಯಾರನ್‌ಹೀಟ್‌ಗೆ 3ರಿಂದ 4 ಅಡಿ ವ್ಯತ್ಯಾಸ ಬರುತ್ತೆ. ಏಪ್ರಿಲ್‌ನ ಸಂಜೆ 45 ಡಿಗ್ರಿ, ಜುಲೈನ ಮಧ್ಯಾಹ್ನ 85 ಡಿಗ್ರಿ ಅಂತ ಇಟ್ಟುಕೊಳ್ಳಿ. 40 ಡಿಗ್ರಿ ಅಂತರ. ಅಂದರೆ 12 ಅಡಿಗೂ ಹೆಚ್ಚು. ಜುಲೈನಲ್ಲಿ ಮೂರನೇ ಸಾಲಿನಲ್ಲಿ ಬೀಳಬೇಕಾದ ಚೆಂಡು ಏಪ್ರಿಲ್‌ನಲ್ಲಿ ಗೋಡೆಯ ಬುಡದಲ್ಲಿ ಕ್ಯಾಚ್. ಇದರ ಜೊತೆ, ತಣ್ಣಗಾದ ಚೆಂಡು ಬ್ಯಾಟ್‌ನಿಂದ ಪುಟಿಯುವುದೂ ಕಡಿಮೆ. ಚಳಿಯಲ್ಲಿ ಚೆಂಡು ಬ್ಯಾಟ್‌ನ ಹಿಡಿಕೆ ಹತ್ತಿರ ತಗುಲಿದರೆ ಬ್ಯಾಟರ್ ಅಂಗೈ ಜುಮ್ಮೆನ್ನುತ್ತೆ. ನೀವೂ ಒಮ್ಮೆ ಹೊಡೆದು ನೋಡಿ, ಗೊತ್ತಾಗುತ್ತೆ.

ಆದರೆ ಎಲ್ಲವೂ ಪಿಚ್ಚರ್ ಕಡೆಗೇ ಅಂತಲೂ ಇಲ್ಲ. ಏಪ್ರಿಲ್‌ನಲ್ಲಿ ಪಿಚ್ಚರ್‌ಗಳ ವೇಗವೂ ಪೂರ್ತಿ ಬಂದಿರುವುದಿಲ್ಲ, ಬೇಸಿಗೆ ಏರಿದ ಹಾಗೆ ಅದೂ ಏರುತ್ತೆ. ಬೆರಳು ಮರಗಟ್ಟಿ ಹಿಡಿತ ತಪ್ಪುತ್ತೆ. ಹಾಗಾಗಿ ಬೇಸಿಗೆಗಿಂತ ಏಪ್ರಿಲ್‌ನಲ್ಲಿ ವಾಕ್‌ಗಳು (ನಾಲ್ಕು ಎಸೆತ ಗುರಿ ತಪ್ಪಿದರೆ ಬ್ಯಾಟರ್‌ಗೆ ಬಿಟ್ಟಿಯಾಗಿ ಸಿಗುವ ಮೊದಲ ಬೇಸ್) ಜಾಸ್ತಿ. ಮೊದಲ ವಾರಗಳಲ್ಲಿ ಸ್ಟಾರ್ಟರ್‌ಗೆ, ಅಂದರೆ ಮ್ಯಾಚ್ ಶುರು ಮಾಡುವ ಪಿಚ್ಚರ್‌ಗೆ, ನೂರು ಪಿಚ್ (ಎಸೆತ) ಹಾಕಲು ಬಿಡುವುದಿಲ್ಲ, ಐದನೇ ಇನ್ನಿಂಗ್ಸ್‌ಗೇ ಬದಲಿ ಪಿಚ್ಚರ್‌ಗಳು ಕಾಯುವ ಬುಲ್‌ಪೆನ್ ಬಾಗಿಲು ತೆರೆಯುತ್ತಾರೆ. ಇನ್ನೂ ಪಳಗದ ರಿಲೀವರ್ (ಬದಲಿ ಪಿಚ್ಚರ್) ಬಂದು, ಎರಡು ವಾಕ್ ಕೊಟ್ಟು, ಮೂರನೆಯವನು ಹೋಮ್ ರನ್ ಹೊಡೆದರೆ? ನೀವು ನೋಡಿದಂಥ 8ನೇ ಇನ್ನಿಂಗ್ಸ್ ಹುಟ್ಟುತ್ತೆ. ಏಪ್ರಿಲ್‌ನಲ್ಲಿ ಸಾಮಾನ್ಯ ಮ್ಯಾಚ್ ಸಪ್ಪೆ, ಆದರೆ ನಡುನಡುವೆ ಇಂಥ ಸ್ಫೋಟ. ಎರಡೂ ಒಟ್ಟಿಗೆ ನಿಜ.

ಈಗ ನನ್ನ ತಕರಾರಿಗೆ ಬರುತ್ತೇನೆ. ಮೈಸೂರಿನವರು ಕೊಟ್ಟ ಎರಡೂ ಉದಾಹರಣೆ ಒಬ್ಬೊಬ್ಬ ಆಟಗಾರನದು. ಅದು ಸರಿಯೇ. ಆದರೆ ಇಡೀ ಲೀಗ್‌ನ ಏಪ್ರಿಲ್ ಅಂಕಿ ಬೇರೆ ಜಾತಿಯದು. ಅದನ್ನು ಎಸೆಯಬಾರದು.

ಸಣ್ಣ ಲೆಕ್ಕ. ನಿಮ್ಮ ಮಗಳಿಗೂ ಅರ್ಥವಾಗುತ್ತೆ. ಒಂದು ಟೀಮು ಮ್ಯಾಚ್‌ಗೆ ಸರಾಸರಿ ನಾಲ್ಕೂವರೆ ರನ್ ಹೊಡೆಯುತ್ತೆ ಅನ್ನಿ. ಆದರೆ ದಿನದಿಂದ ದಿನಕ್ಕೆ ಅದು 3 ರನ್‌ನಷ್ಟು ಆಚೀಚೆ ಆಗುವುದು ಮಾಮೂಲಿ. ಒಂದು ದಿನ 1, ಮರುದಿನ 8. ಏಪ್ರಿಲ್ ಕೊನೆಗೆ ಒಂದು ಟೀಮು ಆಡಿರುವುದು ಸುಮಾರು 27ರಿಂದ 30 ಮ್ಯಾಚ್. ಆ 3ನ್ನು 27ರ ವರ್ಗಮೂಲದಿಂದ ಭಾಗಿಸಿ. ಸುಮಾರು 0.6 ಬರುತ್ತೆ. ಅಂದರೆ ನಿಜವಾಗಿ 4.5ರ ಟೀಮು, ಯಾವ ಕಾರಣವೂ ಇಲ್ಲದೆ, ಏಪ್ರಿಲ್ ಕೊನೆಗೆ 5.1 ಅಂತಲೋ 3.9 ಅಂತಲೋ ಕಾಣಬಹುದು. ಅಷ್ಟರಲ್ಲೇ ಲೀಗ್‌ನ ಒಳ್ಳೆಯ ಬ್ಯಾಟಿಂಗ್, ಕೆಟ್ಟ ಬ್ಯಾಟಿಂಗ್ ಎರಡೂ ಬಂದುಬಿಟ್ಟವು! ಅದಕ್ಕೇ ಒಂದು ಟೀಮಿನ ಏಪ್ರಿಲ್ ರನ್ ನೋಡಿ ಕುಣಿಯಬಾರದು, ಅಳಲೂ ಬಾರದು.

ಈಗ 30 ಟೀಮನ್ನೂ ಸೇರಿಸಿ. 30 ಗುಣಿಸು 27, ಅಂದರೆ 810. ಅದರ ವರ್ಗಮೂಲ ಇಪ್ಪತ್ತೆಂಟೂವರೆ. 3ನ್ನು ಅದರಿಂದ ಭಾಗಿಸಿದರೆ 0.1. ಆದ್ದರಿಂದ ಇಡೀ ಲೀಗ್‌ನ ರನ್ ಹಿಂದಿನ ವರ್ಷದ ಇದೇ ಏಪ್ರಿಲ್‌ಗಿಂತ 0.3 ಇಳಿದರೆ ಅದು ಬರೀ ಅದೃಷ್ಟದ ಆಟ ಅಂತ ಹೇಳಲು ಬರುವುದಿಲ್ಲ. ಏನೋ ಬದಲಾಗಿದೆ. ಹವೆಯೋ, ಚೆಂಡೋ, ನಿಯಮವೋ.

2021 ನೆನಪಿದೆಯಾ? ಆ ಏಪ್ರಿಲ್‌ನಲ್ಲಿ ಇಡೀ ಲೀಗ್‌ನ ಬ್ಯಾಟಿಂಗ್ ಆವರೇಜ್ .232, ಅಂದರೆ ಸಾವಿರ ಪ್ರಯತ್ನಕ್ಕೆ 232 ಹಿಟ್ (ಯಶಸ್ವಿ ಹೊಡೆತ). ಮೇ 19ರ ಹೊತ್ತಿಗೆ ಆರು ನೋ-ಹಿಟ್ಟರ್, ಅಂದರೆ ಎದುರು ಟೀಮಿಗೆ ಒಂದೂ ಹಿಟ್ ಸಿಗದ ಮ್ಯಾಚ್, ಆಗಿಹೋಗಿದ್ದವು. ಜೋ ಮಸ್‌ಗ್ರೋವ್, ಕಾರ್ಲೋಸ್ ರೊಡಾನ್, ಜಾನ್ ಮೀನ್ಸ್, ವೇಡ್ ಮೈಲಿ, ಸ್ಪೆನ್ಸರ್ ಟರ್ನ್‌ಬುಲ್, ಕೋರಿ ಕ್ಲೂಬರ್. ಆಗಲೂ ಕೆಲವರು "ಇನ್ನೂ ಮೇ ತಿಂಗಳು, ಬಿಡಿ" ಅಂದರು. ಬಿಡುವ ಹಾಗಿರಲಿಲ್ಲ. ಪಿಚ್ಚರ್‌ಗಳು ಬೆರಳಿಗೆ ಅಂಟು ಹಚ್ಚಿಕೊಂಡು ಚೆಂಡನ್ನು ಮಿತಿಮೀರಿ ತಿರುಗಿಸುತ್ತಿದ್ದರು. ಜೂನ್ 21ರಿಂದ ಅಂಪೈರ್‌ಗಳು ಟೋಪಿ, ಗ್ಲೌಸ್, ಬೆಲ್ಟ್ ತಡಕಿ ನೋಡಲು ಶುರು ಮಾಡಿದರು. ವರ್ಷದ ಕೊನೆಗೆ ಆವರೇಜ್ .244. ಇದರಲ್ಲಿ ಸ್ವಲ್ಪ ಬಿಸಿಲಿನ ಪಾಲು, ಸ್ವಲ್ಪ ತಪಾಸಣೆಯ ಪಾಲು. ಬೇರೆ ಬೇರೆ ಮಾಡಿ ಅಳೆಯುವುದು ಕಷ್ಟ. ಆದರೆ ಏಪ್ರಿಲ್ ಸುಳ್ಳು ಹೇಳಿರಲಿಲ್ಲ.

2022ರ ಏಪ್ರಿಲ್ ಇನ್ನೂ ಕೆಳಗೆ, .231. ಆ ವರ್ಷ ಮಾಲೀಕರು ಮತ್ತು ಆಟಗಾರರ ಜಗಳದಲ್ಲಿ 99 ದಿನ ಬೀಗ ಬಿದ್ದಿತ್ತು. ತರಬೇತಿಗೆ ಸಿಕ್ಕಿದ್ದು ಮೂರೂವರೆ ವಾರ ಮಾತ್ರ. ಸ್ಟಾರ್ಟರ್‌ಗಳ ತೋಳು ಸಿದ್ಧವಿಲ್ಲ ಅಂತ ಮೇ 1ರವರೆಗೆ ಟೀಮಿಗೆ 26ರ ಬದಲು 28 ಜನ. ಹೆಚ್ಚಿಗೆ ಸೇರಿದ ಆ ಇಬ್ಬರು ಬಹುತೇಕ ತಾಜಾ ರಿಲೀವರ್‌ಗಳೇ. ಜೊತೆಗೆ ಆ ವರ್ಷವೇ 30 ಮೈದಾನಗಳಲ್ಲೂ ಹ್ಯುಮಿಡಾರ್ ಬಂತು, ಅಂದರೆ ಚೆಂಡನ್ನು ಒಂದೇ ತೇವದಲ್ಲಿ ಕಾಪಾಡುವ ಕೋಣೆ. ಒಣ ಊರಿನಲ್ಲಿ ಅದು ಚೆಂಡನ್ನು ಸ್ವಲ್ಪ ಮೆತ್ತಗೆ ಮಾಡುತ್ತೆ, ಪುಟಿತ ಕಡಿಮೆಯಾಗುತ್ತೆ. ವರ್ಷ ಮುಗಿದಾಗ .243, ಮ್ಯಾಚ್‌ಗೆ ಟೀಮಿಗೆ 4.28 ರನ್. ಹಿಂದಿನ ವರ್ಷ 4.53 ಇತ್ತು. ಅಂದರೆ ಬಿಸಿಲು ಬಂದ ಮೇಲೆ ಚೇತರಿಸಿಕೊಂಡಿತು, ಆದರೆ ಪೂರ್ತಿ ಅಲ್ಲ. ಏಪ್ರಿಲ್ ತೋರಿಸಿದ ದಿಕ್ಕು ಸರಿಯಾಗಿತ್ತು. ಎಷ್ಟು ಅನ್ನುವುದು ಮಾತ್ರ ಹೆಚ್ಚಾಗಿ ಕಂಡಿತ್ತು.

ಇದನ್ನೇ ಮಗಳಿಗೆ ಹೇಳಿ. ಲೀಗ್‌ನ ಏಪ್ರಿಲ್‌ಗೆ ಕಿವಿಗೊಡಬೇಕು. ಒಬ್ಬನ ಅಥವಾ ಒಂದು ಟೀಮಿನ ಏಪ್ರಿಲ್‌ಗೆ ಕಾಯಬೇಕು.

ಮಿಲ್ವಾಕಿ_ಅಕ್ಕ:

ಪೆನ್ಸಿಲ್ ಸರ್ ಬರೆದದ್ದನ್ನು ಎರಡು ಸಲ ಓದಿದೆ. ಟೀಮಿನ ಏಪ್ರಿಲ್‌ಗೆ ಕಾಯಬೇಕು ಅಂದಿರಲ್ಲ, ಅದನ್ನು ನಾನು ಕಳೆದ ವರ್ಷ ಅನುಭವಿಸಿದ್ದೇನೆ.

ನಾನು ಮಿಲ್ವಾಕಿಯಲ್ಲಿ ನರ್ಸ್. ಬ್ರೂವರ್ಸ್ ನಮ್ಮ ಟೀಮು. 2025ರ ಮಾರ್ಚ್ 29, ಶನಿವಾರ. ನ್ಯೂಯಾರ್ಕ್‌ನಲ್ಲಿ ಯಾಂಕೀಸ್ ಎದುರು ಆಟ. ನೈಟ್ ಶಿಫ್ಟ್ ಮುಗಿಸಿ, ಸ್ವಲ್ಪ ಮಲಗಿ, ಎದ್ದು ಚಹಾ ಮಾಡಿಕೊಂಡು ಟಿವಿ ಹಾಕಿದೆ. ನಮ್ಮ ಪಿಚ್ಚರ್ ನೆಸ್ಟರ್ ಕೋರ್ಟೆಸ್, ಹಿಂದೆ ಯಾಂಕೀಸ್‌ನಲ್ಲೇ ಇದ್ದವನು. ಮೊದಲ ಪಿಚ್, ಗೋಲ್ಡ್‌ಶ್ಮಿಟ್ ಹೋಮ್ ರನ್. ಎರಡನೇ ಪಿಚ್, ಬೆಲಿಂಜರ್ ಹೋಮ್ ರನ್. ಮೂರನೇ ಪಿಚ್, ಜಡ್ಜ್ ಹೋಮ್ ರನ್. ಮೂರು ಪಿಚ್‌ಗೆ ಮೂರು! ಚಹಾ ಇನ್ನೂ ಬಿಸಿಯಾಗಿತ್ತು. ಆ ದಿನ ಅವರು ಒಟ್ಟು 9 ಹೋಮ್ ರನ್ ಹೊಡೆದು 20-9ರಿಂದ ಗೆದ್ದರು.

ಆಮೇಲೆ ಒಂದು ವಾರ ಎಲ್ಲಿ ನೋಡಿದರೂ ಟಾರ್ಪಿಡೋ ಬ್ಯಾಟ್‌ನ ಮಾತೇ. ತುದಿಯಲ್ಲಿರುವ ದಪ್ಪವನ್ನು ಸ್ವಲ್ಪ ಕೆಳಗೆ, ಚೆಂಡು ಜಾಸ್ತಿ ತಗುಲುವ ಜಾಗಕ್ಕೆ ತಂದ ಬ್ಯಾಟ್. ಅದನ್ನು ರೂಪಿಸಿದವರು ಏರನ್ ಲೀನ್‌ಹಾರ್ಟ್, ಭೌತಶಾಸ್ತ್ರ ಓದಿದವರು. ಇನ್ನು ಬೇಸ್‌ಬಾಲ್ ಕತೆಯೇ ಮುಗಿಯಿತು, ದಿನಾ 15 ರನ್ ಅಂತ ಜನ ಮಾತಾಡಿದರು. ಆದರೆ ಅಂದು ಮೂರು ಹೋಮ್ ರನ್ ಹೊಡೆದ ಜಡ್ಜ್ ಆ ಬ್ಯಾಟನ್ನು ಹಿಡಿದೇ ಇರಲಿಲ್ಲ. ವರ್ಷದ ಕೊನೆಗೆ ನೋಡಿದರೆ ಲೀಗ್‌ನ ಲೆಕ್ಕ ಮ್ಯಾಚ್‌ಗೆ 4.45ರ ಆಸುಪಾಸು. ಅದರ ಹಿಂದಿನ ವರ್ಷ 4.39 ಇತ್ತು. ಅಷ್ಟೇ ವ್ಯತ್ಯಾಸ.

ನಮ್ಮ ಟೀಮಿನ ಕತೆ ಕೇಳಿ. ಮೊದಲ ನಾಲ್ಕು ಮ್ಯಾಚ್ ಸೋತೆವು. 4-2, 20-9, 12-3, ಆಮೇಲೆ ಮನೆಗೆ ಬಂದು ಕಾನ್ಸಾಸ್ ಸಿಟಿ ಎದುರು 11-1. ನಾಲ್ಕು ಮ್ಯಾಚ್‌ನಲ್ಲಿ ನಾವು ಹೊಡೆದದ್ದು 15, ಕೊಟ್ಟದ್ದು 47. ವಾರ್ಡಿನಲ್ಲಿ ಒಬ್ಬ ವಯಸ್ಸಾದ ಪೇಷಂಟ್ ಇದ್ದರು, ಐವತ್ತು ವರ್ಷದಿಂದ ಬ್ರೂವರ್ಸ್ ನೋಡಿದವರು. ಡ್ರಿಪ್ ಬದಲಿಸುವಾಗ ನನ್ನ ಮುಖ ನೋಡಿ, ಇನ್ನೂ 158 ಇವೆ, ಊಟ ಮಾಡು ಹೋಗು ಅಂದರು. ಆ ಮಾತನ್ನು ನಾನು ಮರೆತಿಲ್ಲ.

ಆಗಸ್ಟ್‌ನಲ್ಲಿ ನಮ್ಮವರು ಸತತ 14 ಗೆದ್ದರು. ವರ್ಷದ ಕೊನೆಗೆ 97 ಗೆಲುವು, 65 ಸೋಲು. ಆ ವರ್ಷ ಇಡೀ ಲೀಗ್‌ನಲ್ಲೇ ಅತಿ ಹೆಚ್ಚು ಗೆಲುವು ನಮ್ಮದು. ಮಾರ್ಚ್‌ನಲ್ಲಿ 47-15 ನೋಡಿದವರು ಯಾರಾದರೂ ಇದನ್ನು ಹೇಳಲು ಸಾಧ್ಯವಿತ್ತಾ?

ಆದರೆ ಒಂದನ್ನು ಒಪ್ಪಬೇಕು. ಯಾಂಕೀಸ್ ಆ ವರ್ಷ 274 ಹೋಮ್ ರನ್ ಹೊಡೆದು ಎಲ್ಲರಿಗಿಂತ ಮುಂದಿತ್ತು. ಆ ಶನಿವಾರ ನೋಡಿದ್ದು ಪೂರ್ತಿ ಸುಳ್ಳಾಗಿರಲಿಲ್ಲ. ಮ್ಯಾಚ್‌ಗೆ 9 ಅಲ್ಲ, ಒಂದೂಮುಕ್ಕಾಲಿಗಿಂತ ತುಸು ಕಡಿಮೆ.

ಚಿಕಾಗೋ_ಅಪ್ಪ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ವರ್ಗಮೂಲದ ಲೆಕ್ಕವನ್ನು ಮಗಳು ತಾನೇ ಮತ್ತೆ ಮಾಡಿ ನೋಡಿದಳು. 0.6 ಬಂದಾಗ ಅವಳ ಮುಖ ನೋಡಬೇಕಿತ್ತು. ಅವಳಿಗೆ ಬಹಳ ಇಷ್ಟದ ಆಟಗಾರ ನಮ್ಮ ಪೀಟ್ ಕ್ರೋ-ಆರ್ಮ್‌ಸ್ಟ್ರಾಂಗ್. ಕಳೆದ ವರ್ಷ ಆಲ್-ಸ್ಟಾರ್ ವಿರಾಮದ ಹೊತ್ತಿಗೆ 25 ಹೋಮ್ ರನ್ ಹೊಡೆದಿದ್ದ. ಆಮೇಲೆ ಬರೀ 6. ಜುಲೈ ತನಕ ಕಾದರೂ ಸಾಲಲ್ಲ ಹಾಗಾದರೆ ಅಂತ ಕೇಳುತ್ತಾಳೆ. ಎಷ್ಟು ದಿನ ಕಾಯಬೇಕು ಅನ್ನುವುದಕ್ಕೆ ಏನಾದರೂ ಅಳತೆ ಇದೆಯಾ?

ಇನ್ನೊಂದು ಪ್ರಶ್ನೆ. ರಿಗ್ಲಿಯಲ್ಲಿ ಏಪ್ರಿಲ್ ಹೊತ್ತಿಗೆ ಗೋಡೆಯ ಮೇಲಿನ ಬಳ್ಳಿಯಲ್ಲಿ ಎಲೆಯೇ ಇರುವುದಿಲ್ಲ, ಬರೀ ಕಂದು ಕಡ್ಡಿ. ಸ್ಕೋರ್‌ಬೋರ್ಡ್ ಮೇಲಿನ ಬಾವುಟಗಳು ಮಾತ್ರ ಜೋರಾಗಿ ಹಾರುತ್ತವೆ. ಅಕ್ಕಪಕ್ಕದವರು ಮ್ಯಾಚ್ ಶುರುವಾಗುವ ಮುಂಚೆ ಮೊದಲು ಅದನ್ನೇ ನೋಡುತ್ತಾರೆ. ಅದನ್ನೂ ಬರೆದಿಡಬೇಕಾ?

ಹಳೇ_ಪೆನ್ಸಿಲ್:

ಬಾವುಟವನ್ನು ಖಂಡಿತ ಬರೆಯಿರಿ. ರಿಗ್ಲಿಯಲ್ಲಿ ಅದಕ್ಕಿಂತ ಮುಖ್ಯವಾದ ಅಂಕಿ ಇಲ್ಲ. ಏಪ್ರಿಲ್, ಮೇ ಹೊತ್ತಿಗೆ ಮಿಶಿಗನ್ ಸರೋವರದ ಕಡೆಯಿಂದ ಬೀಸುವ ತಣ್ಣನೆಯ ಗಾಳಿ ಚೆಂಡನ್ನು ಒಳಕ್ಕೆ ತಳ್ಳುತ್ತೆ. ಬೇಸಿಗೆಯಲ್ಲಿ ದಿಕ್ಕು ತಿರುಗಿ ಹೊರಕ್ಕೆ ಬೀಸಿದರೆ ಅದೇ ಮೈದಾನ ಬೇರೆ ಮೈದಾನ. 1979ರ ಮೇ 17ರಂದು ಗಾಳಿ ಹೊರಕ್ಕೆ ಬೀಸುತ್ತಿತ್ತು. ಅಂದು ಫಿಲಡೆಲ್ಫಿಯಾ 23, ಕಬ್ಸ್ 22. ಹನ್ನೊಂದು ಹೋಮ್ ರನ್. ಆ ದಿನದ ಸ್ಕೋರ್ ನೋಡಿ ಎರಡೂ ಟೀಮಿನ ಬ್ಯಾಟಿಂಗ್ ಅಳೆಯಲು ಹೋದರೆ ಏನಾಗುತ್ತೆ ಹೇಳಿ! ಗಾಳಿಯನ್ನೂ ಅಳೆದ ಹಾಗಾಗುತ್ತೆ ಅಲ್ವಾ.

ಎಷ್ಟು ಕಾಯಬೇಕು ಅನ್ನುವುದಕ್ಕೆ ಅಳತೆ ಇದೆ. ಆದರೆ ಎಲ್ಲ ಅಂಕಿಗೂ ಒಂದೇ ಅಳತೆ ಅಲ್ಲ. ಬೇಸ್‌ಬಾಲ್ ಅಂಕಿಗಳನ್ನು ಅಧ್ಯಯನ ಮಾಡುವ ರಸೆಲ್ ಕಾರ್ಲ್‌ಟನ್ ಇದರ ಮೇಲೆ ಕೆಲಸ ಮಾಡಿದ್ದಾರೆ. ಒಬ್ಬ ಬ್ಯಾಟರ್ ಎಷ್ಟು ಸಲ ಸ್ಟ್ರೈಕ್‌ಔಟ್ ಆಗುತ್ತಾನೆ (ಮೂರು ಸ್ಟ್ರೈಕ್ ಬಿದ್ದು ಔಟಾಗುತ್ತಾನೆ) ಅನ್ನುವುದು ಸುಮಾರು 60 ಬ್ಯಾಟಿಂಗ್ ಸರದಿಯಲ್ಲೇ ಸ್ವಲ್ಪ ನಂಬುವ ಮಟ್ಟಕ್ಕೆ ಬರುತ್ತೆ. ಅಂದರೆ ಎರಡು ವಾರ. ವಾಕ್‌ಗೆ ಸುಮಾರು 120. ಹೋಮ್ ರನ್‌ಗೆ ಸುಮಾರು 170. ಬ್ಯಾಟಿಂಗ್ ಆವರೇಜ್‌ಗೆ 900ಕ್ಕೂ ಜಾಸ್ತಿ, ಅಂದರೆ ಒಂದು ಪೂರ್ತಿ ಸೀಸನ್ ಕೂಡ ಸಾಲುವುದಿಲ್ಲ! ಟಿವಿಯವರು ಏಪ್ರಿಲ್‌ನಲ್ಲಿ ಮೊದಲು ತೋರಿಸುವುದು ಅದನ್ನೇ ಅನ್ನುವುದು ನನಗೆ ಪ್ರತಿ ವರ್ಷ ಬೇಸರ ತರಿಸುತ್ತೆ. ಮಗಳಿಗೆ ಹೇಳಿ, ಏಪ್ರಿಲ್‌ನಲ್ಲಿ ಯಾರಾದರೂ ಆಟಗಾರ ನಿಜವಾಗಿ ಬದಲಾಗಿದ್ದಾನಾ ಅಂತ ನೋಡಬೇಕಿದ್ದರೆ ಅವನ ಸ್ಟ್ರೈಕ್‌ಔಟ್ ಎಣಿಸು, ಆವರೇಜ್ ಅಲ್ಲ. ಅಲ್ಲಿಗೂ ಒಂದು ಎಚ್ಚರ ಬೇಕು. ಎದುರಿನವರು ಸುಮ್ಮನಿರುವುದಿಲ್ಲ. ಒಬ್ಬ ಹುಡುಗ ಯಾವ ಪಿಚ್‌ಗೆ ಹೊಡೆಯುತ್ತಾನೆ ಅಂತ ಗೊತ್ತಾದ ಮೇಲೆ ಯಾರೂ ಅವನಿಗೆ ಅದನ್ನು ಹಾಕುವುದಿಲ್ಲ. 25 ಆದ ಮೇಲೆ 6 ಆಗುವುದರಲ್ಲಿ ಅದರ ಪಾಲೂ ಇರುತ್ತೆ.

ನೋಟ್‌ಬುಕ್‌ನಲ್ಲಿ ನಾನು ಬರೆಯುವುದನ್ನು ಹೇಳುತ್ತೇನೆ. ಮೊದಲ ಪಿಚ್ ಹೊತ್ತಿನ ತಾಪಮಾನ. ಗಾಳಿ ಒಳಕ್ಕೋ ಹೊರಕ್ಕೋ ಅಡ್ಡಕ್ಕೋ. ಚಾವಣಿ ಮುಚ್ಚಿದೆಯೋ ಇಲ್ಲವೋ, ಮಿಲ್ವಾಕಿಯಲ್ಲಿ ಏಪ್ರಿಲ್ ಪೂರ್ತಿ ಇದು ಬೇಕಾಗುತ್ತೆ. ಸ್ಟಾರ್ಟರ್ ಎಷ್ಟು ಪಿಚ್ ಹಾಕಿದ. ಆಮೇಲೆ ನನಗೆ ಬಹಳ ಇಷ್ಟವಾದ ಒಂದು ಕಾಲಂ ಇದೆ. ಗೋಡೆಯ ಮುಂದಿನ ಮಣ್ಣಿನ ಪಟ್ಟಿಯಲ್ಲಿ ಎಷ್ಟು ಕ್ಯಾಚ್ ಆದವು. ಅವೇ ಏಪ್ರಿಲ್ ನುಂಗಿದ ಹೋಮ್ ರನ್‌ಗಳು. ಟಾರ್ಗೆಟ್ ಫೀಲ್ಡ್‌ನ ಮೊದಲ ವರ್ಷದಿಂದ ಇದನ್ನು ಬರೆಯುತ್ತಿದ್ದೇನೆ. ಏಪ್ರಿಲ್ ಪುಟದಲ್ಲಿ ಗೀಟು ತುಂಬಿರುತ್ತೆ, ಜುಲೈ ಪುಟ ಖಾಲಿ ಖಾಲಿ.

ವರ್ಷದಿಂದ ವರ್ಷಕ್ಕೆ ಹೋಲಿಸುವಾಗ ನಿಯಮವನ್ನೂ ಪುಟದ ತಲೆಯಲ್ಲಿ ಬರೆಯಲಿ. 1968ರಲ್ಲಿ ಟೀಮಿಗೆ ಮ್ಯಾಚ್‌ಗೆ 3.42 ರನ್ನೇ ಬಂತು. ಪಿಚ್ಚರ್ ಬಾಬ್ ಗಿಬ್ಸನ್‌ನ ಇಆರ್‌ಎ, ಅಂದರೆ ಒಂಬತ್ತು ಇನ್ನಿಂಗ್ಸ್‌ಗೆ ಅವನು ಸರಾಸರಿ ಕೊಟ್ಟ ರನ್, 1.12. ಅದಕ್ಕೆ ಪಿಚ್ಚರ್ ನಿಲ್ಲುವ ದಿಬ್ಬವನ್ನೇ 15 ಇಂಚಿನಿಂದ 10ಕ್ಕೆ ಇಳಿಸಿ, ಸ್ಟ್ರೈಕ್ ಜೋನನ್ನೂ (ಪಿಚ್ ಸರಿ ಅನ್ನಿಸಿಕೊಳ್ಳಲು ಹಾದುಹೋಗಬೇಕಾದ ಜಾಗ) ಕಿರಿದು ಮಾಡಿದರು. ಮರುವರ್ಷ 4.07. 2023ರಲ್ಲಿ ಪಿಚ್ ಗಡಿಯಾರ (ಪಿಚ್ ಹಾಕಲು ಸಮಯದ ಮಿತಿ), ದೊಡ್ಡ ಬೇಸ್, ಶಿಫ್ಟ್‌ಗೆ (ಫೀಲ್ಡರ್‌ಗಳನ್ನು ಒಂದೇ ಕಡೆ ಗುಂಪಾಗಿ ನಿಲ್ಲಿಸುವುದಕ್ಕೆ) ನಿರ್ಬಂಧ ಮೂರೂ ಒಟ್ಟಿಗೆ ಬಂದವು. ರನ್ 4.28ರಿಂದ 4.62ಕ್ಕೆ ಏರಿತು, ಕದ್ದ ಬೇಸ್‌ಗಳು (ಹೊಡೆತವಿಲ್ಲದೆ ಓಡಿ ಹಿಡಿದ ಮುಂದಿನ ಬೇಸ್) 2,486ರಿಂದ 3,503ಕ್ಕೆ ಹಾರಿದವು. ಕಳೆದ ವರ್ಷ ಟ್ಯಾಂಪಾದ ರೇಸ್ ಟೀಮು ತನ್ನ ಮುಚ್ಚಿದ ಮೈದಾನ ಚಂಡಮಾರುತಕ್ಕೆ ಹಾಳಾಗಿ ಬಯಲಲ್ಲಿ ಆಡಿತು, ಅಥ್ಲೆಟಿಕ್ಸ್ ಓಕ್‌ಲ್ಯಾಂಡ್ ಬಿಟ್ಟು ಬಿಸಿಲಿನ ಸ್ಯಾಕ್ರಮೆಂಟೋಗೆ ಹೋಯಿತು. ಈ ವರ್ಷ ಅಂಪೈರ್ ಹೇಳಿದ ಬಾಲ್ (ಜೋನ್ ಹೊರಗಿನ ಪಿಚ್), ಸ್ಟ್ರೈಕ್ (ಒಳಗಿನದು) ಪ್ರಶ್ನಿಸಲು ಪ್ರತಿ ಟೀಮಿಗೆ ಎರಡು ಅವಕಾಶ ಇರುತ್ತೆ, ತೀರ್ಪು ಕ್ಯಾಮೆರಾದ್ದು. ಇದರಿಂದ ವಾಕ್ ಏರುತ್ತೋ ಇಳಿಯುತ್ತೋ ನೋಡಲು ನನಗೂ ಬಹಳ ಕುತೂಹಲ. ಆದ್ದರಿಂದ ಪ್ರಶ್ನಿಸಿದ್ದು ಎಷ್ಟು, ಗೆದ್ದದ್ದು ಎಷ್ಟು ಅಂತ ಇನ್ನೊಂದು ಕಾಲಂ ಗೀಚಿದ್ದೇನೆ.

ಬೆಳಗಿನ_ಜಾವ:

ಪೆನ್ಸಿಲ್ ಸರ್, ನನ್ನ ಮಾತು ತಿದ್ದಿಕೊಳ್ಳುತ್ತೇನೆ. ಲೀಗ್ ಬೇರೆ, ಟೀಮ್ ಬೇರೆ ಅನ್ನುವುದನ್ನು ನಾನು ಯೋಚಿಸಿರಲಿಲ್ಲ. 2021ರ ಆ ಆರು ನೋ-ಹಿಟ್ಟರ್‌ಗಳಲ್ಲಿ ಮೂರನ್ನು ಪೂರ್ತಿ ನೋಡಿದ್ದೇನೆ. ಆಗಲೂ ಬರೀ ಅದೃಷ್ಟ ಅಂದುಕೊಂಡಿದ್ದೆ.

ಒಂದು ಸಂದೇಹ. ತೇವ ಜಾಸ್ತಿ ಇದ್ದರೆ ಗಾಳಿ ಭಾರ ಆಗುತ್ತೆ, ಚೆಂಡು ಕಡಿಮೆ ಹೋಗುತ್ತೆ ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. ಹೌದಾ?

ಹಳೇ_ಪೆನ್ಸಿಲ್:

ಇಲ್ಲ, ಉಲ್ಟಾ. ನೀರಿನ ಆವಿಯ ಅಣು ಗಾಳಿಯಲ್ಲಿರುವ ಸಾರಜನಕ, ಆಮ್ಲಜನಕದ ಅಣುಗಳಿಗಿಂತ ಹಗುರ. ಹಾಗಾಗಿ ತೇವದ ಗಾಳಿ ಒಣ ಗಾಳಿಗಿಂತ ಸ್ವಲ್ಪ ಹಗುರ, ಚೆಂಡು ಕೂದಲೆಳೆಯಷ್ಟು ಜಾಸ್ತಿಯೇ ಹೋಗುತ್ತೆ. ತೊಂದರೆ ಇರುವುದು ಚೆಂಡೇ ತೇವ ಹೀರಿದಾಗ. ಆಗ ಅದು ತೂಕವಾಗುತ್ತೆ, ಪುಟಿತ ಕಡಿಮೆ. ಡೆನ್ವರ್‌ನ ಕೂರ್ಸ್ ಫೀಲ್ಡ್ ಸಮುದ್ರಮಟ್ಟದಿಂದ ಒಂದು ಮೈಲಿ ಎತ್ತರದಲ್ಲಿದೆ. ಅಲ್ಲಿ ಗಾಳಿ ತೆಳು, ಜೊತೆಗೆ ಒಣ. ಚೆಂಡುಗಳು ಒಣಗಿ ಗಟ್ಟಿಯಾಗಿ ಹಾರಿಹೋಗುತ್ತಿದ್ದವು. ಅದಕ್ಕೇ 2002ರಲ್ಲಿ ಎಲ್ಲರಿಗಿಂತ ಮೊದಲು ಹ್ಯುಮಿಡಾರ್ ಇಟ್ಟವರು ಅವರು. ಅಲ್ಲಿಯೂ ಏಪ್ರಿಲ್ ಏಪ್ರಿಲ್ಲೇ. 2013ರ ಏಪ್ರಿಲ್ 23ರಂದು ಅಟ್ಲಾಂಟಾ ಎದುರಿನ ಮ್ಯಾಚ್ 23 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಶುರುವಾಯಿತು. ನಮ್ಮ ಲೆಕ್ಕದಲ್ಲಿ ಮೈನಸ್ 5.

ಚಿಕಾಗೋ_ಅಪ್ಪ:

ಕಾಲಂಗಳನ್ನು ಇಂದು ಸಂಜೆ ಇಬ್ಬರೂ ಕೂತು ಗೆರೆ ಎಳೆದೆವು. ತಾಪಮಾನ, ಬಾವುಟ, ಚಾವಣಿ, ಪಿಚ್, ಮಣ್ಣಿನ ಪಟ್ಟಿಯ ಕ್ಯಾಚ್, ಕ್ಯಾಮೆರಾ ಪ್ರಶ್ನೆ. ಕೊನೆಗೆ ಅವಳೇ ಒಂದು ಸೇರಿಸಿದಳು. "ಬಳ್ಳಿಯಲ್ಲಿ ಎಲೆ ಬಂದಿದೆಯಾ?" ಎಲೆ ಬಂದ ದಿನ ಮಣ್ಣಿನ ಪಟ್ಟಿಯ ಗೀಟುಗಳು ಕಡಿಮೆಯಾಗಿರುತ್ತವಾ ಅಂತ ನೋಡಬೇಕಂತೆ. ಮೇ ಕೊನೆಗೆ ಇಲ್ಲೇ ಬಂದು ಅಂಕಿ ಹಾಕುತ್ತೇವೆ.